ಶುಲ್ಕವಿಲ್ಲದ ಶಾಲೆ, ಮೂವತ್ತು ಲಕ್ಷ ಡಾಲರಿನ ಮನೆ

(ತಿಪಟೂರು ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಹೀಗಿದೆ: "ಮೂವತ್ತಮೂರು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿದವಳು ನಾನು. ಕಳೆದ ವರ್ಷ ಆರು ತಿಂಗಳು ಅಮೆರಿಕದ ಕ್ಯುಪರ್ಟಿನೊದಲ್ಲಿ ಮಗನ ಮನೆಯಲ್ಲಿದ್ದೆ. ಅಷ್ಟೊಂದು ಸಂಬಳದ ಮಗ, ನಾಲ್ಕನೇ ತರಗತಿಯಲ್ಲಿರುವ ಮೊಮ್ಮಗಳನ್ನು ಸರ್ಕಾರಿ ಶಾಲೆಗೇ ಕಳಿಸುತ್ತಾನೆ. ಬಿಡಿಗಾಸು ಶುಲ್ಕವಿಲ್ಲ, ಶಾಲೆಯೋ ಅರಮನೆಯಂತಿದೆ. ಇಲ್ಲಿ ನಾನು ನಿವೃತ್ತಳಾದ ಶಾಲೆಯಲ್ಲಿ ದಾಖಲಾತಿ ಹನ್ನೊಂದಕ್ಕೆ ಇಳಿದಿದೆ. ಊರಿನ ಮಕ್ಕಳೆಲ್ಲ ಹಳದಿ ಬಸ್ಸು ಹತ್ತಿ ಕಾನ್ವೆಂಟಿಗೆ ಹೋಗುತ್ತಾರೆ. ಅಲ್ಲಿ ಆಗಿದ್ದು ಇಲ್ಲೇಕೆ ಆಗದು? ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಗೇ ಸೇರಬೇಕೆಂದು ಕಾನೂನು ಮಾಡಿದರೆ ಸಾಲದೆ? ಮಗನ ಮನೆ ಒರೆಸಲು ವಾರಕ್ಕೊಮ್ಮೆ ಬರುತ್ತಿದ್ದ ಹೆಂಗಸು ಮಾತ್ರ ತನ್ನ ಮಗನ ಶಾಲೆ ಹಾಗಿಲ್ಲ ಎಂದಳು, ಏಕೆಂದು ತಿಳಿಯಲಿಲ್ಲ. ಮಗ ಈಗ ಅಲ್ಲೇ ಮನೆ ಕೊಳ್ಳಬೇಕೆಂದಿದ್ದಾನೆ. ಇಲ್ಲಿರುವ ಮೂರು ಎಕರೆ ತೆಂಗಿನ ತೋಟ ಮಾರಿ ಮುಂಗಡಕ್ಕೆ ಸ್ವಲ್ಪ ಕೊಡೋಣವೇ ಎಂಬ ಮಾತು ಮನೆಯಲ್ಲಿ ನಡೆದಿದೆ.")

ಮಾನ್ಯರೇ,

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಮೂರನೆಯ ಪುಟದಲ್ಲೇ ಇದೆ. ಮನೆ ಒರೆಸಲು ಬರುತ್ತಿದ್ದ ಆ ಹೆಂಗಸಿನ ಮಾತನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಆಕೆಯ ಮಗ ಹೋಗುವುದೂ ಸರ್ಕಾರಿ ಶಾಲೆಗೇ, ನಿಮ್ಮ ಮೊಮ್ಮಗಳು ಹೋಗುವುದೂ ಸರ್ಕಾರಿ ಶಾಲೆಗೇ. ರಾಜ್ಯ ಒಂದೇ, ಪಠ್ಯದ ಚೌಕಟ್ಟು ಒಂದೇ, ಶಿಕ್ಷಕರಾಗಲು ಬೇಕಾದ ಅರ್ಹತೆಯೂ ಒಂದೇ. ಆದ್ದರಿಂದ "ಅಲ್ಲಿನ ಸರ್ಕಾರಿ ಶಾಲೆ ಏಕೆ ಚೆನ್ನಾಗಿದೆ" ಎಂಬ ಪ್ರಶ್ನೆಯನ್ನು "ಅಲ್ಲಿನ ಒಂದು ಸರ್ಕಾರಿ ಶಾಲೆ ಏಕೆ ಚೆನ್ನಾಗಿದೆ, ಇನ್ನೊಂದು ಏಕಿಲ್ಲ" ಎಂದು ತಿದ್ದಿಕೊಂಡೇ ಮುಂದುವರಿಯಬೇಕಾಗುತ್ತದೆ.

2018ರ ಆರಂಭದಲ್ಲಿ ಅಲ್ಲಿನ ಕನ್ನಡಿಗರ ಒಂದು ಕಾರ್ಯಕ್ರಮಕ್ಕೆಂದು ಹೋದ ನಾನು, ಗೆಳೆಯನೊಬ್ಬನ ಮನೆಯಲ್ಲಿ ಹದಿನೈದು ದಿನ ಉಳಿದಿದ್ದೆ. ಅವರ ಮಗನನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸುವ ದಿನ ನಾನೂ ಜೊತೆಗೆ ಹೋದೆ. ಗೆಳೆಯನ ಹೆಂಡತಿ ಪ್ಲಾಸ್ಟಿಕ್ ಫೈಲಿನಿಂದ ಒಂದೊಂದೇ ಕಾಗದ ತೆಗೆದು ಕೌಂಟರಿನ ಮೇಲಿಟ್ಟರು: ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು, ಬಾಡಿಗೆ ಕರಾರು, ಕರೆಂಟ್ ಬಿಲ್ಲು. ಆಚೆ ಕೂತಿದ್ದಾಕೆ ಮೊದಲ ಎರಡನ್ನು ಅರೆಗಳಿಗೆ ನೋಡಿ ಬದಿಗಿಟ್ಟರು. ಕರೆಂಟ್ ಬಿಲ್ಲಿನ ವಿಳಾಸವನ್ನು ಮಾತ್ರ ಬೆರಳಿಟ್ಟು ಓದಿ, ಕರಾರಿನ ವಿಳಾಸದೊಂದಿಗೆ ತಾಳೆ ನೋಡಿ, ಕಂಪ್ಯೂಟರಿನಲ್ಲಿ ಬೀದಿಯ ಹೆಸರು ಹಾಕಿ, ಅದು ಯಾವ ಶಾಲೆಯ ಗಡಿಯೊಳಗೆ ಬರುತ್ತದೆಂದು ಖಚಿತ ಮಾಡಿಕೊಂಡರು. ಹುಡುಗ ಅಷ್ಟು ಹೊತ್ತೂ ಮೂಲೆಯಲ್ಲಿದ್ದ ಮೀನಿನ ತೊಟ್ಟಿ ನೋಡುತ್ತ ನಿಂತಿದ್ದ. ಯಾರೂ ಅವನನ್ನು ಒಂದು ಮಾತೂ ಕೇಳಲಿಲ್ಲ. ನಮ್ಮ ಕಾನ್ವೆಂಟುಗಳಲ್ಲಿ ಎಲ್‌ಕೆಜಿ ಸೀಟಿಗೆ ಮಗುವಿಗೂ ಸಂದರ್ಶನ, ಹೆತ್ತವರಿಗೂ ಸಂದರ್ಶನ. ಅಲ್ಲಿ ಸಂದರ್ಶನ ನಡೆಯುವುದು ಮನೆಯ ವಿಳಾಸಕ್ಕೆ.

ಈ ಊರಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಕ್ಯಾಲಿಫೋರ್ನಿಯಾ ರಾಜ್ಯದ ಕ್ಯುಪರ್ಟಿನೊ ಪುರಸಭೆಯಾದದ್ದು 1955ರಲ್ಲಿ. ಅಲ್ಲಿಯವರೆಗೂ ಆ ಸಾಂತಾ ಕ್ಲಾರಾ ಕಣಿವೆ ತುಂಬ ಏಪ್ರಿಕಾಟ್, ಚೆರಿ ಮತ್ತು ಒಣಗಿಸಿ ಮಾರುವ ಪ್ಲಮ್ ಹಣ್ಣಿನ ತೋಟಗಳಿದ್ದವು. ನಿಮ್ಮ ತಿಪಟೂರಿಗೆ ಕೊಬ್ಬರಿ ಹೇಗೋ ಆ ಕಣಿವೆಗೆ ಒಣಪ್ಲಮ್ ಹಾಗೆ. ತೋಟಗಳನ್ನು ಕಡಿದು 1950–60ರ ದಶಕಗಳಲ್ಲಿ ಕಟ್ಟಿದ ಮೂರು ಕೋಣೆಯ, ಒಂದೇ ಅಂತಸ್ತಿನ ಮರದ ಮನೆಗಳೇ ಇವತ್ತಿಗೂ ಅಲ್ಲಿನ ಬೀದಿಗಳನ್ನು ತುಂಬಿವೆ. ಅವು ಕಾರ್ಖಾನೆಯ ಕೆಲಸಗಾರರೂ ಎಂಜಿನಿಯರುಗಳೂ ಅಕ್ಕಪಕ್ಕದಲ್ಲಿ ಬದುಕಲೆಂದು ಕಟ್ಟಿದ ಸಾಧಾರಣ ಮನೆಗಳು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ 1972ರಲ್ಲಿ, ಅವರಿಗಿಂತ ನಾಲ್ಕು ವರ್ಷ ಮೊದಲು ಸ್ಟೀವ್ ವೋಜ್ನಿಯಾಕ್, ಓದು ಮುಗಿಸಿದ ಹೋಮ್‌ಸ್ಟೆಡ್ ಹೈಸ್ಕೂಲು ಅಲ್ಲಿನದೇ, ಅದೂ ಸರ್ಕಾರಿ ಶಾಲೆಯೇ. ಅವರು ಸೇರಿ ಕಟ್ಟಿದ ಕಂಪನಿ ಬೆಳೆದು, 2017ರಲ್ಲಿ ಅದೇ ಊರಿನಲ್ಲಿ ಬಳೆಯಾಕಾರದ ಬೃಹತ್ ಕಚೇರಿ ತೆರೆಯುವ ಹೊತ್ತಿಗೆ, ಅಂಥ ಸಾಧಾರಣ ಮನೆಯನ್ನು ಕೊಳ್ಳುವುದು ಸಾಧಾರಣ ಎಂಜಿನಿಯರನಿಗೂ ಕಷ್ಟದ ಮಾತಾಗಿತ್ತು. ಇನ್ನು ಊರಿನ ಹೆಸರು. 1776ರಲ್ಲಿ ಆ ದಾರಿಯಾಗಿ ಬಂದ ಸ್ಪೇನಿನ ದಂಡಯಾತ್ರೆಯವರು ಒಂದು ಹಳ್ಳಕ್ಕೆ ಇಟಲಿಯ ಕುಪರ್ಟಿನೊ ಎಂಬ ಊರಿನ ಸಂತ ಜೋಸೆಫನ ಹೆಸರಿಟ್ಟರು; ಊರಿನ ಹೆಸರು ಬಂದದ್ದು ಅದರಿಂದ. ಈ ಸಂತ ಓದಿನಲ್ಲಿ ಬಹಳ ಹಿಂದೆ. ತನಗೆ ಗೊತ್ತಿದ್ದ ಒಂದೇ ಭಾಗದ ಮೇಲೆ ಪ್ರಶ್ನೆ ಬಂದುದರಿಂದ ಪರೀಕ್ಷೆ ಪಾಸಾದನೆಂಬ ಕತೆಯಿದೆ. ಹಾಗಾಗಿ ಕ್ಯಾಥೊಲಿಕ್ ಮಕ್ಕಳು ಪರೀಕ್ಷೆಗೆ ಮುಂಚೆ ಬೇಡಿಕೊಳ್ಳುವುದು ಅವನನ್ನು. ಆ ಊರಿನ ಮಕ್ಕಳ ಪಾಡು ಬಲ್ಲವರಿಗೆ ಇದಕ್ಕಿಂತ ತಕ್ಕ ಹೆಸರು ಹೊಳೆಯಲಾರದು.

ಈಗ ಗಡಿಯ ವಿಚಾರ. ಅಲ್ಲಿ ಶಾಲೆಗಳನ್ನು ನಡೆಸುವುದು ಪುರಸಭೆಯಲ್ಲ. ಶಾಲಾ ಡಿಸ್ಟ್ರಿಕ್ಟ್ ಎಂಬ ಬೇರೆಯೇ ಸಂಸ್ಥೆ. ಎಂಟನೇ ತರಗತಿಯವರೆಗೆ ಒಂದು ಡಿಸ್ಟ್ರಿಕ್ಟ್, ಒಂಬತ್ತರಿಂದ ಹನ್ನೆರಡರವರೆಗೆ ಇನ್ನೊಂದು. ಈ ಎರಡನೆಯದರ ಹೆಸರಿನಲ್ಲಿ ಫ್ರೀಮಾಂಟ್ ಎಂಬ ಪದವಿದ್ದರೂ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆಗಿನ ಫ್ರೀಮಾಂಟ್ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಸದಾಗಿ ಬಂದವರು ಇಲ್ಲಿ ಎಡವುವುದುಂಟು. ಡಿಸ್ಟ್ರಿಕ್ಟಿನ ಗೆರೆ ಊರಿನ ಗೆರೆಯನ್ನು ಅನುಸರಿಸುವುದಿಲ್ಲ. ಹೆಸರಾಂತ ಲಿನ್‌ಬ್ರೂಕ್ ಹೈಸ್ಕೂಲು ಇರುವುದು ಪಕ್ಕದ ಸ್ಯಾನ್ ಹೋಸೆ ನಗರದಲ್ಲಿ, ಸೇರಿರುವುದು ಈ ಡಿಸ್ಟ್ರಿಕ್ಟಿಗೆ. ಹೀಗಾಗಿ ಒಂದೇ ಪುರಸಭೆಗೆ ತೆರಿಗೆ ಕಟ್ಟುವ, ಒಂದೇ ಬೀದಿಯ ಎರಡು ಬದಿಗಳಲ್ಲಿ ಎದುರು ಬದುರಾಗಿ ನಿಂತಿರುವ, ಒಂದೇ ಕಾಲದಲ್ಲಿ ಒಬ್ಬನೇ ಗುತ್ತಿಗೆದಾರ ಕಟ್ಟಿದ ಎರಡು ಮನೆಗಳು ಬೇರೆ ಬೇರೆ ಬೆಲೆಗೆ ಹೋಗುವುದನ್ನು ಅಲ್ಲಿ ಕಾಣಬಹುದು. ಮನೆ ಮಾರಾಟದ ಜಾಹೀರಾತಿನಲ್ಲಿ ಕೋಣೆಗಳ ಸಂಖ್ಯೆಯ ಜೊತೆಗೆ ಶಾಲೆಗಳ ಹೆಸರು ಅಚ್ಚಾಗಿರುತ್ತದೆ. ನಮ್ಮಲ್ಲಿ "ಪೂರ್ವಾಭಿಮುಖ, ಕಾವೇರಿ ನೀರು, ಎ ಖಾತಾ" ಎಂದು ಹಾಕುವಂತೆ ಅಲ್ಲಿ "ಮಾಂಟಾ ವಿಸ್ಟಾ ಹೈಸ್ಕೂಲು" ಎಂದು ಹಾಕುತ್ತಾರೆ. ಆ ಎರಡು ಪದಗಳಿಗೆ ಕೊಡುವ ದುಡ್ಡೇ ನಿಮ್ಮ ಮೊಮ್ಮಗಳ ಶಾಲಾಶುಲ್ಕ. ರಸೀದಿ ಕೊಡುವುದು ಶಾಲೆಯಲ್ಲ, ಮನೆಯ ಮಾಲೀಕ, ವ್ಯತ್ಯಾಸ ಅಷ್ಟೇ.

ಈ ಅನ್ಯಾಯ ಕಣ್ಣಿಗೆ ಬಿದ್ದದ್ದು ನಮಗೆ ಮೊದಲಲ್ಲ. 1960ರ ದಶಕದ ಕೊನೆಯಲ್ಲಿ ಪೂರ್ವ ಲಾಸ್ ಏಂಜಲಿಸ್‌ನ ಜಾನ್ ಸೆರಾನೊ ಎಂಬ ತಂದೆಗೆ, "ನಿಮ್ಮ ಮಗ ಜಾಣ, ಓದಬೇಕಾದರೆ ಬೇರೆ ಊರಿಗೆ ಹೋಗಿ" ಎಂಬರ್ಥದ ಮಾತನ್ನು ಶಾಲೆಯ ಮುಖ್ಯಸ್ಥರೇ ಹೇಳಿದರೆಂದು ಪ್ರತೀತಿ. ಆತ ಮೊಕದ್ದಮೆಯಲ್ಲಿ ವಾದಿಯಾದ. ಆಗ ಶಾಲೆಗಳು ನಡೆಯುತ್ತಿದ್ದುದು ಹೆಚ್ಚಾಗಿ ಸ್ಥಳೀಯ ಮನೆ-ಜಮೀನಿನ ತೆರಿಗೆಯಿಂದ. ನ್ಯಾಯಾಲಯದ ಮುಂದೆ ಬಂದ 1968–69ರ ಲೆಕ್ಕದಂತೆ, ಬಡವರ ಬಾಲ್ಡ್‌ವಿನ್ ಪಾರ್ಕಿನಲ್ಲಿ 100 ಡಾಲರ್ ಆಸ್ತಿ ಮೌಲ್ಯಕ್ಕೆ 5.48 ಡಾಲರ್ ಶಾಲಾ ತೆರಿಗೆ ಕಟ್ಟಿದರೂ ಒಂದು ಮಗುವಿಗೆ ಸಿಗುತ್ತಿದ್ದುದು 577 ಡಾಲರ್. ಸಿರಿವಂತರ ಬೆವರ್ಲಿ ಹಿಲ್ಸ್‌ನಲ್ಲಿ ಕೇವಲ 2.38 ಡಾಲರ್ ಕಟ್ಟಿದರೆ ಮಗುವಿಗೆ 1,231 ಡಾಲರ್ ಸಿಗುತ್ತಿತ್ತು. ಬಡವನು ದರದಲ್ಲಿ ಎರಡರಷ್ಟು ತೆತ್ತು ಅರ್ಧದಷ್ಟನ್ನು ಪಡೆಯುತ್ತಿದ್ದ. ಇದು ಸಮಾನತೆಗೆ ವಿರುದ್ಧವೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿತು. ದೇಶದ ಸುಪ್ರೀಂ ಕೋರ್ಟ್ ಮಾತ್ರ 1973ರಲ್ಲಿ, ಟೆಕ್ಸಾಸಿನ ಅಂಥದೇ ಪ್ರಕರಣವೊಂದರಲ್ಲಿ, ಶಿಕ್ಷಣ ಸಂವಿಧಾನದತ್ತ ಮೂಲಭೂತ ಹಕ್ಕಲ್ಲವೆಂದು 5–4ರ ಬಹುಮತದಿಂದ ತೀರ್ಪಿತ್ತಿತು. ನಮ್ಮ ಸುಪ್ರೀಂ ಕೋರ್ಟ್ ಇದಕ್ಕೆ ತದ್ವಿರುದ್ಧವಾದ ಮಾತನ್ನು ಮೊದಲು ಹೇಳಿದ್ದು 1992ರ ಮೋಹಿನಿ ಜೈನ್ ಪ್ರಕರಣದಲ್ಲಿ. ಅದು ಹುಟ್ಟಿದ್ದು ನಮ್ಮ ಕರ್ನಾಟಕದ ಕ್ಯಾಪಿಟೇಷನ್ ಶುಲ್ಕದಿಂದ ಎಂಬುದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೆಯಿಂದ ಹೇಳಬೇಕೋ ತಿಳಿಯದು.

ಕ್ಯಾಲಿಫೋರ್ನಿಯಾದ ಕತೆ ಅಲ್ಲಿಗೆ ಸುಖಾಂತವಾಗಲಿಲ್ಲ. 1978ರಲ್ಲಿ ಮತದಾರರು ಪ್ರಾಪೊಸಿಷನ್ 13 ಎಂಬ ನಿಯಮ ತಂದರು. ಅದರಂತೆ ಆಸ್ತಿ ತೆರಿಗೆಯ ಮೂಲ ದರ ಮೌಲ್ಯದ ಶೇ 1 ದಾಟುವಂತಿಲ್ಲ, ಆ ಮೌಲ್ಯವನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚಿಸುವಂತಿಲ್ಲ, ಮನೆ ಕೈಬದಲಾದಾಗ ಇಲ್ಲವೆ ಹೊಸದಾಗಿ ಕಟ್ಟಿದಾಗ ಮಾತ್ರ ಹೊಸ ಬೆಲೆ ಲೆಕ್ಕಕ್ಕೆ ಬರುತ್ತದೆ. 1975ರಲ್ಲಿ 60,000 ಡಾಲರ್ ಇದ್ದ ಮನೆಯೊಂದನ್ನು ಊಹಿಸಿಕೊಳ್ಳಿ. ಅದೇ ಕುಟುಂಬ ಐವತ್ತು ವರ್ಷ ಅಲ್ಲೇ ಉಳಿದಿದ್ದರೆ ಇಂದು ತೆರಿಗೆಯ ಲೆಕ್ಕದಲ್ಲಿ ಅದರ ಮೌಲ್ಯ ಸುಮಾರು 1,61,000 ಡಾಲರ್, ಮೂಲ ತೆರಿಗೆ ವರ್ಷಕ್ಕೆ 1,600 ಡಾಲರಿನ ಆಸುಪಾಸು. ಪಕ್ಕದ ಅಂಥದೇ ಮನೆಯನ್ನು ನಿಮ್ಮ ಮಗ ಇಂದು 30 ಲಕ್ಷ ಡಾಲರಿಗೆ ಕೊಂಡರೆ ಕಟ್ಟಬೇಕಾದದ್ದು ವರ್ಷಕ್ಕೆ 30,000. ನಡುವೆ ಇರುವುದು ಒಂದು ಬೇಲಿ ಮಾತ್ರ. ಹಾಗೆಂದು ಆ ಹಳಬರನ್ನು ನಾನು ದೂಷಿಸಲಾರೆ. ಪಿಂಚಣಿಯಲ್ಲಿ ಬದುಕುವ ಮುದುಕಿಯೊಬ್ಬಳು ತೆರಿಗೆ ಕಟ್ಟಲಾರದೆ ಸ್ವಂತ ಮನೆ ಬಿಡಬಾರದೆಂಬುದು ನ್ಯಾಯವಾದ ಮಾತೇ. ಆದರೆ ಶಾಲೆಯ ಖರ್ಚಿನ ಹೊರೆ ಹೊಸದಾಗಿ ಬಂದ, ಮಕ್ಕಳಿರುವ ಕುಟುಂಬಗಳ ಮೇಲೆ ವಾಲಿರುವುದೂ ಅಷ್ಟೇ ನಿಜ.

ಹಾಗಾದರೆ ಸಿರಿವಂತರ ಊರಿನ ಶಾಲೆಗೆ ಸರ್ಕಾರ ಹೆಚ್ಚು ಹಣ ಕೊಡುತ್ತದೆಯೇ? ನೀವು ಹಾಗೆ ಎಣಿಸಿರಬಹುದು; ವಾಸ್ತವ ಬೇರೆ. 2013ರಿಂದ ಜಾರಿಯಲ್ಲಿರುವ ರಾಜ್ಯದ ಸೂತ್ರದಲ್ಲಿ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಮತ್ತು ಪೋಷಕರ ಆಸರೆಯಿಲ್ಲದ ಮಕ್ಕಳು ಹೆಚ್ಚಿರುವ ಡಿಸ್ಟ್ರಿಕ್ಟುಗಳಿಗೇ ಹೆಚ್ಚುವರಿ ಅನುದಾನ. ಸ್ಥಳೀಯ ತೆರಿಗೆಯೇ ರಾಜ್ಯದ ಸೂತ್ರವನ್ನು ಮೀರಿ ಬರುವ ಪಾಲೊ ಆಲ್ಟೊದಂಥ ಕೆಲವು ಡಿಸ್ಟ್ರಿಕ್ಟುಗಳು ಮಾತ್ರ ಆ ಹೆಚ್ಚಿನ ಹಣವನ್ನು ತಾವೇ ಇಟ್ಟುಕೊಳ್ಳುತ್ತವೆ. ಕ್ಯುಪರ್ಟಿನೊದ ಹೈಸ್ಕೂಲು ಡಿಸ್ಟ್ರಿಕ್ಟೂ ಆ ಸಾಲಿನದೇ. ಉಳಿದುದನ್ನು ಪೋಷಕರ ಸಂಘಗಳ ದೇಣಿಗೆ ತುಂಬುತ್ತದೆ. ಆದರೆ ನನ್ನನ್ನು ಕೇಳಿದರೆ ದುಡ್ಡಿಗಿಂತ ದೊಡ್ಡದು ಮಕ್ಕಳು ಮನೆಯಿಂದ ಹೊತ್ತು ತರುವ ಬುತ್ತಿ. ಗೆಳೆಯನ ಮನೆಯಲ್ಲಿ ಊಟವಾದ ಮೇಲೆ ಎಂಜಿನಿಯರ್ ತಾಯಿ ಆರನೇ ತರಗತಿಯ ಮಗಳಿಗೆ ಎಂಟನೇ ತರಗತಿಯ ಗಣಿತ ಹೇಳಿಕೊಡುತ್ತಿದ್ದರು. ಶನಿವಾರ ಟ್ಯೂಷನ್, ಭಾನುವಾರ ಬೆಳಿಗ್ಗೆ ಕನ್ನಡ ತರಗತಿ, ಮಧ್ಯಾಹ್ನ ಭರತನಾಟ್ಯ. ಸೋಮವಾರ ಆ ಹುಡುಗಿಗೆ ಪಾಠ ಮಾಡುವ ಶಿಕ್ಷಕಿಯ ಕೆಲಸ ಎಷ್ಟು ಹಗುರವೆಂದು, ಅಕ್ಷರ ಕಾಣದ ಮನೆಗಳಿಂದ ಬಂದ ಮಕ್ಕಳ ಕೈಹಿಡಿದು ತಿದ್ದಿಸಿದ ನಿಮಗೆ ನಾನು ಹೇಳಬೇಕಾಗಿಲ್ಲ. ಶಾಲೆಯ ಅಂಕಪಟ್ಟಿಯಲ್ಲಿ ಅರ್ಧ ಅಂಕ ಮನೆಯವರದು, ಹೆಸರು ಶಾಲೆಗೆ.

ಅಲ್ಲಿನ ಮಕ್ಕಳು ಇದಕ್ಕೆ ತೆರುವ ಬೆಲೆಯನ್ನೂ ಹೇಳದಿದ್ದರೆ ಅರ್ಧಸತ್ಯವಾದೀತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪ್ರತಿ ಹೈಸ್ಕೂಲಿನ ಮೊದಲ ಶೇ 9ರಷ್ಟು ವಿದ್ಯಾರ್ಥಿಗಳಿಗೆ ತನ್ನ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಜಾಗದ ಭರವಸೆ ಕೊಡುತ್ತದೆ. ಎಲ್ಲರೂ ಚೆನ್ನಾಗಿ ಓದುವ ಶಾಲೆಯಲ್ಲಿ ಆ ಒಂಬತ್ತರೊಳಗೆ ಬರುವುದೇ ಕಷ್ಟ; ಯಾವುದಕ್ಕೆಂದು ಹೆತ್ತವರು ಅಷ್ಟು ದುಡ್ಡು ಸುರಿದು ಮನೆ ಕೊಂಡರೋ ಅದೇ ಮಗುವಿಗೆ ಅಡ್ಡಗಾಲಾಗುತ್ತದೆ. ನೆರೆಯ ಪಾಲೊ ಆಲ್ಟೊದಲ್ಲಿ 2009ರಲ್ಲೂ ಮತ್ತೆ 2014–15ರಲ್ಲೂ ಹದಿಹರೆಯದ ಮಕ್ಕಳು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡಾಗ, ದೇಶದ ರೋಗ ನಿಯಂತ್ರಣ ಕೇಂದ್ರದ ತಂಡವೇ 2016ರಲ್ಲಿ ಬಂದು ಅಧ್ಯಯನ ನಡೆಸಬೇಕಾಯಿತು. ಅಂಥ ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು. ಶಾಲೆಯನ್ನು ಹೊಣೆ ಮಾಡುವುದೂ ಸಲ್ಲದು. ಆದರೆ ಆ ಬಳಿಕ ನಿದ್ದೆ, ಮನೆಪಾಠದ ಹೊರೆ, ಆಪ್ತಸಮಾಲೋಚಕರು ಎಂಬ ಮಾತುಗಳು ಅಲ್ಲಿನ ಸಭೆಗಳಲ್ಲಿ ಕೇಳತೊಡಗಿದವು. 2022ರ ಜುಲೈನಿಂದ ಇಡೀ ರಾಜ್ಯದಲ್ಲಿ, ಕೆಲವು ಗ್ರಾಮೀಣ ಶಾಲೆಗಳನ್ನು ಬಿಟ್ಟು, ಹೈಸ್ಕೂಲುಗಳು ಬೆಳಿಗ್ಗೆ ಎಂಟೂವರೆಗೆ ಮುಂಚೆ ಶುರುವಾಗುವಂತಿಲ್ಲ.

ನಿಮ್ಮ ಶಾಲೆಯ ದಾಖಲಾತಿ ಹನ್ನೊಂದಕ್ಕೆ ಇಳಿದಿದೆ ಎಂದು ಬರೆದಿದ್ದೀರಿ. ಕೇಳಿದರೆ ಆಶ್ಚರ್ಯಪಟ್ಟೀರಿ: ಕ್ಯುಪರ್ಟಿನೊ ಡಿಸ್ಟ್ರಿಕ್ಟಿನಲ್ಲೂ ಮಕ್ಕಳ ಸಂಖ್ಯೆ ವರ್ಷ ವರ್ಷ ಕುಸಿದು, 2022ರಲ್ಲಿ ರೆಗ್ನಾರ್ಟ್ ಮತ್ತು ಮೆಯರ್‌ಹೋಲ್ಜ್ ಎಂಬ ಎರಡು ಪ್ರಾಥಮಿಕ ಶಾಲೆಗಳು ಮುಚ್ಚಿದವು. ಇಲ್ಲಿ ಶಾಲೆ ಕೆಟ್ಟಿತೆಂದು ಮಕ್ಕಳು ಹೋದರು. ಅಲ್ಲಿ ಶಾಲೆ ಚೆನ್ನಾಗಿದೆ ಎಂದು ಮನೆಯ ಬೆಲೆ ಏರಿ, ಚಿಕ್ಕ ಮಕ್ಕಳಿರುವ ಹರೆಯದ ದಂಪತಿಗಳು ಬರಲಾರದೆ ಹೋದರು. ಶಿಕ್ಷಕರ ಪಾಡಂತೂ ಇನ್ನೂ ವಿಚಿತ್ರ. ಊರಿನ ಮಕ್ಕಳಿಗೆ ಪಾಠ ಹೇಳುವ ಸಂಬಳದಲ್ಲಿ ಆ ಊರಿನಲ್ಲಿ ಮನೆ ಮಾಡಲಾಗದೆ ದೂರದೂರದಿಂದ ಕಾರು ಓಡಿಸಿಕೊಂಡು ಬರುವವರಿದ್ದಾರೆ. ಪಕ್ಕದ ಸಾಂತಾ ಕ್ಲಾರಾ ಡಿಸ್ಟ್ರಿಕ್ಟು 2002ರಲ್ಲೇ ತನ್ನ ಜಾಗದಲ್ಲಿ ಶಿಕ್ಷಕರಿಗೆಂದು ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿತು. ನಮ್ಮ ಹಳ್ಳಿಗಳಲ್ಲಿ ಹಿಂದೆ ಮೇಷ್ಟರಿಗೊಂದು ಮನೆಯನ್ನು ಊರವರೇ ಬಿಟ್ಟುಕೊಡುತ್ತಿದ್ದುದು ನನಗೆ ನೆನಪಾಯಿತು.

ಇನ್ನು ನೀವು ಸೂಚಿಸಿದ ಕಾನೂನು. ಸರ್ಕಾರಿ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದುವಂತಾಗಬೇಕೆಂದು ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಉತ್ತರ ಪ್ರದೇಶ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತ್ತು. ಅದು ಕಾಗದದಲ್ಲೇ ಉಳಿಯಿತು. ಜಾರಿಯಾಗಿದ್ದರೂ ನೀವು ಬಯಸಿದ್ದು ಆಗುತ್ತಿತ್ತೆಂದು ನನಗೆ ನಂಬಿಕೆಯಿಲ್ಲ. ತಹಸೀಲ್ದಾರರ ಮಗಳು ನಿಮ್ಮ ಹನ್ನೊಂದು ಮಕ್ಕಳ ಶಾಲೆಗೆ ಬರುತ್ತಿರಲಿಲ್ಲ. ಅಧಿಕಾರಿಗಳ ಬಡಾವಣೆಯಲ್ಲಿ ಒಂದು ಸರ್ಕಾರಿ ಶಾಲೆ ಏಳುತ್ತಿತ್ತು, ಆ ಬಡಾವಣೆಯ ನಿವೇಶನಗಳ ಬೆಲೆ ಏರುತ್ತಿತ್ತು, ನಾವೂ ಒಂದು ಪುಟ್ಟ ಕ್ಯುಪರ್ಟಿನೊ ಕಟ್ಟಿರುತ್ತಿದ್ದೆವು. ಕೊಠಾರಿ ಆಯೋಗ 1966ರಲ್ಲಿ ಹೇಳಿದ್ದು ಎಲ್ಲ ವರ್ಗದ ಮಕ್ಕಳೂ ಒಟ್ಟಿಗೆ ಕೂರುವ ನೆರೆಹೊರೆಯ ಶಾಲೆಯನ್ನು. ನೆರೆಹೊರೆಯೇ ಒಂದು ವರ್ಗದವರದಾದರೆ ಶಾಲೆಯೂ ಆ ವರ್ಗದ್ದೇ ಆಗುತ್ತದೆ ಎಂಬುದಕ್ಕೆ ಪಾಲೊ ಆಲ್ಟೊಕ್ಕಿಂತ ಸಾಕ್ಷಿ ಬೇಕಿಲ್ಲ. ಅದರ ಪಕ್ಕದಲ್ಲಿ, 101ನೇ ಹೆದ್ದಾರಿ ದಾಟಿದರೆ, ಈಸ್ಟ್ ಪಾಲೊ ಆಲ್ಟೊ ಎಂಬ ಬೇರೆ ಊರು, ಬೇರೆ ಡಿಸ್ಟ್ರಿಕ್ಟು. ಅಲ್ಲಿನ ಕೆಲವು ಮಕ್ಕಳನ್ನಾದರೂ ಸುತ್ತಲಿನ ಸಿರಿವಂತ ಊರುಗಳ ಶಾಲೆಗಳು ಪ್ರತಿವರ್ಷ ಸೇರಿಸಿಕೊಳ್ಳಬೇಕೆಂಬ ಒಪ್ಪಂದ ಮಾಡಿಕೊಳ್ಳಲು ಹೆತ್ತವರು 1976ರಲ್ಲಿ ಹೂಡಿದ ದಾವೆ ಹತ್ತು ವರ್ಷ ನಡೆಯಬೇಕಾಯಿತು.

ಆದರೂ ನೀವು ಅಲ್ಲಿ ಮೆಚ್ಚಿದ್ದರಲ್ಲಿ ಇಲ್ಲಿಗೆ ತರಬಹುದಾದದ್ದು ಏನೂ ಇಲ್ಲವೆನ್ನಲಾರೆ. ಮಧ್ಯಾಹ್ನದ ಊಟ ಅದಲ್ಲ: ಕ್ಯಾಲಿಫೋರ್ನಿಯಾ ತನ್ನ ಸರ್ಕಾರಿ ಶಾಲೆಗಳ ಎಲ್ಲ ಮಕ್ಕಳಿಗೂ ಉಚಿತ ಊಟ ಕೊಡತೊಡಗಿದ್ದು 2022ರಲ್ಲಿ, ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟ ಶುರುವಾದದ್ದು 2002ರಲ್ಲಿ. ತರಬೇಕಾದದ್ದು ಅಲ್ಲಿನ ಶಾಲಾ ಮಂಡಳಿಯ ಸಭೆಯನ್ನು. ಮತದಾರರು ಆರಿಸಿದ ಐವರು ಸದಸ್ಯರು ಬಾಗಿಲು ತೆರೆದ ಸಭಾಂಗಣದಲ್ಲಿ ಕೂರುತ್ತಾರೆ; ಕಾರ್ಯಸೂಚಿ ಮೊದಲೇ ಪ್ರಕಟವಾಗಿರುತ್ತದೆ; ಯಾರು ಬೇಕಾದರೂ ಚೀಟಿ ಬರೆದುಕೊಟ್ಟು ಕೆಲವು ನಿಮಿಷ ಮಾತಾಡಬಹುದು. ನಾನು ನೋಡಿದ ಸಭೆಯಲ್ಲಿ, ರಾತ್ರಿ ಹತ್ತಾದರೂ, ಗ್ರಂಥಪಾಲಕಿಯ ಅರ್ಧ ದಿನದ ಹುದ್ದೆಯೊಂದನ್ನು ಉಳಿಸಲು ಇಪ್ಪತ್ತಕ್ಕೂ ಹೆಚ್ಚು ತಂದೆ ತಾಯಿಗಳು ಸಾಲಿನಲ್ಲಿ ನಿಂತಿದ್ದರು. ಅವರಿಗೆ ಬೇರೆ ದಾರಿಯಿಲ್ಲ. ಬೇಸರವಾದರೆ ಟಿಸಿ ತೆಗೆದುಕೊಂಡು ಹೋಗುವುದು ನಮಗೆ ಸುಲಭ. ಅವರು ಹೋಗಬೇಕಾದರೆ ಮನೆಯನ್ನೇ ಮಾರಬೇಕು. ನಮ್ಮ ಶಾಲಾಭಿವೃದ್ಧಿ ಸಮಿತಿಗಳಾದ ಎಸ್‌ಡಿಎಂಸಿಗಳಿಗೂ ಕಾಗದದ ಮೇಲೆ ಅಧಿಕಾರ ಕಡಿಮೆಯೇನಿಲ್ಲ. ಆದರೆ ಶಾಲೆ ಹಾಳಾದರೆ ನಷ್ಟ ಅನುಭವಿಸುವವರು ಕೂಲಿಗೆ ಹೋದ ಹೊತ್ತಿನಲ್ಲಿ ಸಭೆ ಕರೆದು, ನಡಾವಳಿ ಪುಸ್ತಕವನ್ನು ಆಮೇಲೆ ಮನೆಗೆ ಕಳಿಸಿ ಹೆಬ್ಬೆಟ್ಟು ಹಾಕಿಸಿಕೊಂಡು ಬರುವುದನ್ನು ನೀವು ನನಗಿಂತ ಹೆಚ್ಚು ಕಂಡಿದ್ದೀರಿ. ಸಭೆಯನ್ನು ಸಂಜೆ ಏಳಕ್ಕೆ ಇಡಲು ಯಾವ ತಿದ್ದುಪಡಿಯೂ ಬೇಕಿಲ್ಲ. ನಿವೃತ್ತರಾಗಿದ್ದೀರಿ, ಊರಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ; ಒಮ್ಮೆ ಪ್ರಯತ್ನಿಸಿ, ಏನಾಯಿತೆಂದು ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.

ಕೊನೆಯದಾಗಿ ತೋಟದ ವಿಚಾರ. ಮನೆಯವರ ಆಸ್ತಿಯ ಬಗ್ಗೆ ಸಲಹೆ ಕೊಡುವುದು ಸಂಪಾದಕನ ಕೆಲಸವಲ್ಲ. ಲೆಕ್ಕಕ್ಕೆ ಸಿಗುವ ಒಂದೆರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ನಿಮ್ಮ ಮೊಮ್ಮಗಳು ಈಗ ನಾಲ್ಕನೇ ತರಗತಿ. ಹನ್ನೆರಡು ಮುಗಿಯಲು ಇನ್ನು ಎಂಟು ವರ್ಷ ಸಾಕು, ಮನೆಸಾಲದ ಕಂತು ಸಾಮಾನ್ಯವಾಗಿ ಮೂವತ್ತು ವರ್ಷದ್ದು. ಗೆಳೆಯನ ಮಗನನ್ನು ಸೇರಿಸಿದ ಆ ಕೌಂಟರಿನಲ್ಲಿ ಸ್ವಂತ ಮನೆಯೇ ಎಂದು ಯಾರೂ ಕೇಳಲಿಲ್ಲ. ಅವರು ಕೊಟ್ಟಿದ್ದು ಬಾಡಿಗೆ ಕರಾರು. ಹುಡುಗನಿಗೆ ಸಿಕ್ಕಿದ್ದು ಅದೇ ಶಾಲೆ.

– ಸಂಪಾದಕ